ಸಾಹೇಬರ ಅರ್ಧ ರೊಟ್ಟಿ

ಹೆಂಡತಿಯ ಎದೆ ಕೊಯ್ದು ಆಪರೇಷನ್ ಮಾಡುವ ದಿನ ಗಂಡನಾದವನು ಎಲ್ಲಿರಬೇಕು? ಆಸ್ಪತ್ರೆಯಲ್ಲಿ ಅಂತ ನೀವು ಹೇಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಕಾಕಾ ಮಾತ್ರ ನಮ್ಮೂರು ದೋರನಹಳ್ಳಿಯ ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಒಂದು ಕತ್ತೆಯ ಪಕ್ಕ ನಿಂತಿದ್ದ. ಅದೂ ಗೊತ್ತಿದ್ದೂ ಗೊತ್ತಿದ್ದೂ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

ಇಂಥವನನ್ನು ಏನನ್ನಬೇಕು? ನಮ್ಮ ಬೀಗರು ಬಿಜ್ಜರೆಲ್ಲ ಸೇರಿ ಅನ್ನುವುದನ್ನೆಲ್ಲ ಅಂದು ಮುಗಿಸಿದ್ದಾರೆ, ನನಗೆ ಹೊಸದಾಗಿ ಅನ್ನಲು ಏನೂ ಉಳಿಸಿಲ್ಲ. ಆ ದಿನಗಳಲ್ಲಿ ನಾನೂ ಅವರಿಗಿಂತ ಕಡಿಮೆ ಅಂದವಳಲ್ಲ. ಶಹಾಪುರದಲ್ಲಿ ಶಾಲೆಯ ಮಕ್ಕಳಿಗೆ ಪಾಠ ಹೇಳುವವಳು ನಾನು, ಬಾಯಿ ಸ್ವಲ್ಪ ಜೋರು. ಆದರೆ ಈಗ ಅದೇ ಕಾಕಾನ ಪರವಾಗಿ ನಾಲ್ಕು ಮಾತು ಬರೆಯೋಣ ಅಂತ ಕೂತಿದ್ದೇನೆ. ಅದಕ್ಕೂ ಮೊದಲು ಕತ್ತೆಯ ಪರಿಚಯ ಆಗಬೇಕು. ವಯಸ್ಸಿನಲ್ಲಿ ಕಾಕಾ ದೊಡ್ಡವನಿರಬಹುದು, ಹುದ್ದೆಯಲ್ಲಿ ಕತ್ತೆಯೇ ದೊಡ್ಡದು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಮೀಸೆ ಮೂಡುವ ಹೊತ್ತಿಗೆ ಮನೆ ಬಿಟ್ಟು ಹೋಗಿ ವಾಯುಸೇನೆ ಸೇರಿದ. ವಿಮಾನ ಹಾರಿಸುವವನಲ್ಲ. ನೆಲದ ಮೇಲೆ ನಿಂತು, ವಿಮಾನದ ಗಾಲಿಗೆ ಅಡ್ಡ ಕೊಟ್ಟ ಮರದ ತುಂಡು ತೆಗೆಯುವವನು, ವಿಮಾನ ಬಂದ ಮೇಲೆ ಮತ್ತೆ ಇಡುವವನು. ಎಪ್ಪತ್ತೊಂದರ ಯುದ್ಧದ ಹೊತ್ತಿಗೆ ಅವನು ಪಶ್ಚಿಮದ ಗಡಿಯ ಹತ್ತಿರ, ಎಲ್ಲಿ ನೋಡಿದರೂ ಉಸುಕು ಬಿಟ್ಟರೆ ಬೇರೇನೂ ಕಾಣದ ಕಡೆ, ಫೈಟರ್ ವಿಮಾನಗಳ ಒಂದು ತಂಡದಲ್ಲಿದ್ದ. ಯುದ್ಧ ಶುರುವಾಗುವ ಸ್ವಲ್ಪ ಮೊದಲು ಆ ತಂಡದ ಪೈಲಟ್‌ಗಳಿಗೆ ರನ್‌ವೇ ಮೇಲೆ ತಾಯಿ ತಪ್ಪಿದ ಕತ್ತೆಮರಿಯೊಂದು ಸಿಕ್ಕಿತು. ಓಡಿಸಿದರೆ ಓಡಲಿಲ್ಲ. ವಿಮಾನದ ಸದ್ದಿಗೂ ಬೆದರಲಿಲ್ಲ, ಕಿವಿ ಒಂದಿಷ್ಟು ಹಿಂದಕ್ಕೆ ಮಾಡಿ ನಿಂತಲ್ಲೇ ನಿಂತಿತು. ಇದು ನಮ್ಮ ತಂಡಕ್ಕೆ ಶುಭ, ಇದು ನಮ್ಮದೇ ಅಂತ ಆ ಹುಡುಗರು ಅದನ್ನು ಹೊತ್ತುಕೊಂಡೇ ಬಂದರಂತೆ.

ಪೈಲಟ್‌ಗಳೆಂದರೆ ಗಂಭೀರ ಮುಖದ ಹಿರಿಯರು ಅಂದುಕೊಳ್ಳಬೇಡಿ. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು. ಬೆಳಿಗ್ಗೆ ಹೋದವರು ಸಂಜೆಗೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲದ ಕೆಲಸ. ಅಂಥವರಿಗೆ ತಮ್ಮದು ಅಂತ ಒಂದು ಪ್ರಾಣಿ ಬೇಕಾಗುತ್ತದೆ. ನಾನು ಪುಸ್ತಕಗಳಲ್ಲಿ ಹುಡುಕಿ ಓದಿದ್ದೇನೆ, ಲೋಕದ ಎಲ್ಲ ಯುದ್ಧಗಳಲ್ಲೂ ಇದು ನಡೆದು ಬಂದಿದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಹಾರುತ್ತಿದ್ದ ಅಮೆರಿಕದ ಹುಡುಗರು ಸಿಂಹದ ಮರಿಗಳನ್ನು ಸಾಕಿದ್ದರಂತೆ. ನಾಯಿ ಸಾಕಿದವರಂತೂ ಲೆಕ್ಕವಿಲ್ಲ. ಇದನ್ನು ಓದಿದವಳೇ ಓಡಿಹೋಗಿ ಕಾಕಾನಿಗೆ ಹೇಳಿದೆ. "ಕಾಕಾ, ಅವರು ಸಿಂಹ ಸಾಕಿದ್ರಂತ!"

ಕಾಕಾ ಮೇವು ಕೊಚ್ಚುವುದನ್ನು ನಿಲ್ಲಿಸಲೂ ಇಲ್ಲ. "ಸಿಂಹ ಸಾಕೋದು ಏನ್ ದೊಡ್ಡದವ್ವಾ? ಎರಡ ತುಂಡು ಮಾಂಸ ಒಗದ್ರ ಮುಗೀತು. ಕತ್ತಿಗೆ ಹಂಗ ನಡಿಯಂಗಿಲ್ಲ. ಕತ್ತಿಗೆ ಮರ್ಯಾದಿ ಕೊಡಬೇಕು."

ಮರ್ಯಾದೆಯ ಮಾತು ಅವನು ಸುಮ್ಮನೆ ಆಡಿದ್ದಲ್ಲ. ಕತ್ತೆಮರಿ ಸಿಕ್ಕ ದಿನ ದೊಡ್ಡ ಅಧಿಕಾರಿಯೊಬ್ಬರು ನೆಲದ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕತ್ತೆಯ ಬಗ್ಗೆ ಯಾರಿಗೆ ಗೊತ್ತಿದೆ ಅಂತ ಕೇಳಿದರಂತೆ. ತಿಳಿದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ನಮ್ಮ ಕಾಕಾ ಮಾತ್ರ, ನಮ್ಮ ಓಣಿಯಲ್ಲಿ ಕತ್ತೆಗಳಿವೆ ಸಾಹೇಬರೇ ಅಂದ. ಮುಗಿಯಿತು. ವಿಮಾನ ನೋಡಲು ಹೋದವನ ಕೈಗೆ ಕತ್ತೆಯ ಹಗ್ಗ ಬಂತು. ಸೈನ್ಯದಲ್ಲಿ ಪ್ರತಿಯೊಂದಕ್ಕೂ ಹುದ್ದೆ ಇರಬೇಕಲ್ಲ, ಪೈಲಟ್ ಹುಡುಗರು ಮರಿಗೆ ಆಫೀಸರ್ ಹುದ್ದೆ ಕೊಟ್ಟು, ಸಾಹೇಬ ಅಂತ ಹೆಸರಿಟ್ಟು, ಕೊರಳಿಗೆ ಬಣ್ಣದ ರುಮಾಲು ಕಟ್ಟಿದರು. ಕಾಕಾ ಸಾದಾ ಏರ್‌ಮನ್. ಆಫೀಸರ್ ಎದುರಾದರೆ ಏರ್‌ಮನ್ ಸೆಲ್ಯೂಟ್ ಹೊಡೆಯಬೇಕು. ಮುಂದಿನದ್ದನ್ನು ನಾನು ಹೇಳಬೇಕೆ? ದಿನಾ ಬೆಳಿಗ್ಗೆ ಲದ್ದಿ ಬಳಿಯುವ ಮೊದಲು ಕತ್ತೆಗೊಂದು ಸೆಲ್ಯೂಟ್. ಮರೆತರೆ ಆ ಹುಡುಗರು ಎಲ್ಲಿಂದಲೋ ಓಡಿಬಂದು, ಸೀನಿಯರ್‌ಗೆ ಹೀಗೆ ಅವಮಾನ ಮಾಡುವುದಾ ಅಂತ ಜಬರಿಸಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಂತೆ.

ಕಾಕಾ ರಜೆಯ ಮೇಲೆ ಊರಿಗೆ ಬಂದಾಗ ನಮ್ಮಜ್ಜ ಕೇಳಿದ್ದು ಇಂದಿಗೂ ನಮ್ಮ ಮನೆಯ ಮಾತು.

"ಅಲ್ಲೇನ್ ಕೆಲಸ ಕೊಟ್ಟಾರೋ ನಿನಗ?"

"ಕತ್ತಿ ಕಾಯೋದು."

ಅಜ್ಜ ಅಂದನಂತೆ, "ಸಾಲಿ ತಪ್ಪಿಸಿದಾಗೆಲ್ಲಾ ಕತ್ತಿ ಕಾಯಾಕ ಹೋಗು ಅಂತ ನಾನ ಬೈತಿದ್ದೆ. ಅದರ ಸಲುವಾಗಿ ಅಷ್ಟ ದೂರ ಹೋಗೋದು ಏನಿತ್ತೋ?"

ಈಗ ರೊಟ್ಟಿಯ ವಿಷಯಕ್ಕೆ ಬರುತ್ತೇನೆ. ಇಡೀ ಕಥೆ ನಿಂತಿರುವುದು ಅದರ ಮೇಲೆ. ಕಾಕಾ ಊರಿಂದ ಹೋಗುವಾಗ ಅಜ್ಜಿ ಡಬ್ಬಿ ತುಂಬ ಜೋಳದ ಖಡಕ್ ರೊಟ್ಟಿ ಕಟ್ಟಿಕೊಡುತ್ತಿದ್ದಳು, ಹೋಗುವವರ ಕೈಯಲ್ಲಿ ಮತ್ತೆ ಮತ್ತೆ ಕಳಿಸುತ್ತಲೂ ಇದ್ದಳು. ತಿಂಗಳಿಟ್ಟರೂ ಕೆಡದ ರೊಟ್ಟಿ. ಕತ್ತೆಮರಿಗೆ ಅದೆಂದರೆ ಪ್ರಾಣ. ಒಂದು ದಿನ ಹಾರಲು ಹೊರಟಿದ್ದ ಪೈಲಟ್‌ನೊಬ್ಬ ಕಾಕಾನ ಕೈಯ ರೊಟ್ಟಿ ಕಸಿದು ಚಟ್ಟನೆ ಎರಡು ಮಾಡಿ, ಅರ್ಧ ಕತ್ತೆಯ ಬಾಯಿಗೆ ಕೊಟ್ಟ. ಇನ್ನರ್ಧ ಕಾಕಾನ ಕೈಗಿಟ್ಟು, ಇದು ನಿನ್ನ ಹತ್ತಿರ ಇರಲಿ, ಬಂದು ನಾನೇ ಕೊಡುತ್ತೇನೆ ಅಂದು ವಿಮಾನ ಹತ್ತಿದ. ಹೋದ, ಬಂದ, ಕೊಟ್ಟ. ಮರುದಿನದಿಂದ ಎಲ್ಲರಿಗೂ ಅದೇ ಬೇಕು! ಯುದ್ಧ ಶುರುವಾದ ಮೇಲಂತೂ ಅರ್ಧ ರೊಟ್ಟಿ ಮುರಿಯದೆ ಒಬ್ಬನೂ ವಿಮಾನದ ಏಣಿ ಮುಟ್ಟುತ್ತಿರಲಿಲ್ಲವಂತೆ. ಅರ್ಧ ಉಳಿಸಿ ಹೋದವನು ಪೂರ್ತಿ ಮಾಡಲು ಬರಲೇಬೇಕು, ಅಷ್ಟೇ ಅವರ ನಂಬಿಕೆ. ಕತ್ತೆಯೂ ಕಾಕಾನೂ ವಿಮಾನ ಎದ್ದ ಜಾಗದಲ್ಲೇ, ಎಲ್ಲರೂ ಇಳಿಯುವ ತನಕ ನಿಂತಿರಬೇಕು.

"ಅಷ್ಟ ಮಂದಿದು ಅರ್ಧರ್ಧಾ ಒಂದ ಕಿಸೆದಾಗ ಇಟ್ಕೊಂಡ್ರ ಯಾರದು ಯಾವುದು ಅಂತ ಹೆಂಗ ಗೊತ್ತಾಗತಿತ್ತು?" ಅಂತ ನಾನು ಒಮ್ಮೆ ಕೇಳಿದೆ.

"ಮುರದ ಅಂಚ ನೋಡಿದ್ರ ಗೊತ್ತಾಗತದವ್ವಾ. ಒಬ್ಬೊಬ್ಬರ ಕೈ ಒಂದೊಂದ ಥರ ಮುರೀತದ," ಅಂದ ಕಾಕಾ.



ನೌಕರಿ ಮುಗಿಸಿ ಊರಿಗೆ ಬಂದವರು ಹೊಲ ಕೊಳ್ಳುತ್ತಾರೆ, ಅಂಗಡಿ ಹಾಕುತ್ತಾರೆ. ಕಾಕಾ ಕತ್ತೆ ಕೊಂಡ. ಅಂದಿನಿಂದ ಇಂದಿನವರೆಗೆ ಮನೆಯಲ್ಲಿ ಕತ್ತೆ ತಪ್ಪಿಲ್ಲ, ಎಲ್ಲದರ ಹೆಸರೂ ಸಾಹೇಬ, ಎಲ್ಲದರ ಕೊರಳಲ್ಲೂ ರುಮಾಲು. ಈಗಿರುವುದಕ್ಕೆ ಒಂದು ಕಿವಿ ಸದಾ ಬಾಗಿರುತ್ತದೆ, ಯಾರ ಮಾತನ್ನೋ ಗಮನವಿಟ್ಟು ಕೇಳುತ್ತಿರುವಂತೆ ಕಾಣುತ್ತದೆ. ಇದು ಎಷ್ಟನೆಯ ಸಾಹೇಬ ಅಂತ ಕೇಳಿದರೆ ಕಾಕಾನಿಗೆ ಸಿಟ್ಟು. "ಸಾಹೇಬ್ರು ಒಬ್ರ. ನಡುನಡುವ ಟ್ರಾನ್ಸ್‌ಫರ್ ಆಗ್ತಿರ್ತಾರ."

ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರೊಳಗೆ ನೀವು ಎಲ್ಲಿ ಬೇಕಾದರೂ ತಿರುಗಾಡಿ, ಕಾಕಾನಿಗೆ ಸಂಬಂಧವಿಲ್ಲ. ಅವು ಲೋಕಲ್. ಅದನ್ನು ದಾಟಿ ಹೋಗುವುದಾದರೆ ಅದು ಸಾರ್ಟಿ. ವಿಮಾನ ಒಂದು ಸಲ ಹೋಗಿ ಬರುವುದಕ್ಕೆ ಅವರಲ್ಲಿ ಹಾಗನ್ನುತ್ತಾರಂತೆ. ಸಾರ್ಟಿಗೆ ಹೊರಟವರು ಬೇವಿನ ಗಿಡದ ಕೆಳಗೆ ಸಾಹೇಬರ ಮುಂದೆ ರೊಟ್ಟಿ ಮುರಿಯಬೇಕು. ಮದುವೆಗೆ ಹೊರಟ ಹೆಂಗಸರು, ಕೋರ್ಟಿಗೆ ಹೊರಟ ಗಂಡಸರು, ಪರೀಕ್ಷೆಗೆ ಹೊರಟ ಮಕ್ಕಳು, ಯಾರನ್ನೂ ಬಿಟ್ಟವನಲ್ಲ. ಮೊದಮೊದಲು ಬಸ್ಸಿನವರು ಹಾರ್ನ್ ಹೊಡೆದು ಹೊಡೆದು ಹೈರಾಣಾದರು. "ಏನ್ರಿ ಮಾಮಾ, ಕತ್ತಿ ಉಂಡು ಮುಗಿಸೋ ತನಕ ಸರಕಾರಿ ಬಸ್ ನಿಲ್ಲಸಬೇಕೇನ್ರಿ?" ಅಂತ ಒಬ್ಬ ಡ್ರೈವರ್ ಜಗಳಕ್ಕೇ ಬಂದ. ಈಗ? ಅದೇ ಡ್ರೈವರ್ ಹೈದರಾಬಾದ್ ಬಸ್ಸಿನ ಡ್ಯೂಟಿ ಬಿದ್ದರೆ ತಾನೇ ಇಳಿದು ಬರುತ್ತಾನೆ. ಮನೆಯಿಂದ ರೊಟ್ಟಿಯನ್ನೂ ತಂದಿರುತ್ತಾನೆ.

ನನ್ನ ಮದುವೆ ಕುದುರಿದ್ದೂ ಈ ಕತ್ತೆಯಿಂದಲೇ. ನಗಬೇಡಿ. ನನ್ನನ್ನು ನೋಡಲು ಬೀದರ ಕಡೆಯಿಂದ ಗಂಡಿನವರು ಬಂದಿದ್ದರು. ಬಾಗಿಲಲ್ಲೇ ಕಾಕಾ ಕತ್ತೆ ಹಿಡಿದು ನಿಂತು, ಇವರು ನಮ್ಮ ಸಾಹೇಬ್ರು ಅಂತ ಪರಿಚಯ ಮಾಡಿಸಿದ. ಗಂಡಿನ ತಾಯಿಯ ಮುಖ ಅಲ್ಲೇ ಗಂಟಾಯಿತು. ಉಪ್ಪಿಟ್ಟು ಬಾಯಿಗೆ ಹೋಗಲಿಲ್ಲ, ಆಮೇಲೆ ತಿಳಿಸುತ್ತೇವೆ ಅಂತ ಎದ್ದರು. ಆಮೇಲೆ ತಿಳಿಸುತ್ತೇವೆ ಅಂದರೆ ಏನರ್ಥ ಅಂತ ಹೆಣ್ಣು ಹೆತ್ತವರಿಗೆ ಹೇಳಿಕೊಡಬೇಕೆ? ನಮ್ಮಪ್ಪ ಹಣೆ ಹಣೆ ಬಡಿದುಕೊಂಡ. ಕಾಕಾ ಮಾತ್ರ ಜಗ್ಗದೆ, ಹೊರಟಿದ್ದ ಹುಡುಗನ ಕೈಗೆ ರೊಟ್ಟಿ ಕೊಟ್ಟ. ಆ ಹುಡುಗ ಯಾಕೆ ಏನು ಅಂತ ಕೇಳದೆ, ಪೂಜೆಗೆ ಕೂತವರಷ್ಟು ಗಂಭೀರವಾಗಿ ಮುರಿದು ಅರ್ಧವನ್ನು ಕತ್ತೆಗೆ ತಿನ್ನಿಸಿ, ಅರ್ಧವನ್ನು ಕಾಕಾನಿಗೆ ಕೊಟ್ಟು ಹೋದ. ವಾರದೊಳಗೆ ಒಬ್ಬನೇ ಬಂದು ಬೇವಿನ ಗಿಡದ ಕೆಳಗೆ ನಿಂತಿದ್ದ.

"ಯಾಕ ಬಂದ್ರಿ?" ಅಂತ ಅಪ್ಪ ಗಾಬರಿಯಿಂದ ಕೇಳಿದರೆ, "ಅರ್ಧಾ ರೊಟ್ಟಿ ಉಳಿದಿತ್ತಲ್ರಿ, ಸಮಾಧಾನ ಆಗಲಿಲ್ಲ," ಅಂದ. ಇಷ್ಟು ವರ್ಷದಿಂದ ಅವನ ಜೊತೆ ಸಂಸಾರ ಮಾಡುತ್ತಿದ್ದೇನೆ. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವನಲ್ಲ.

ಶಹಾಪುರದ ಅಂಗಡಿಗಳಲ್ಲಿ ನೀವು ನೋಡಿರುತ್ತೀರಿ, ಗಲ್ಲಾಪೆಟ್ಟಿಗೆಯ ಮೇಲೆ ಕತ್ತೆಯ ಪಟ ಹಾಕಿ, ನನ್ನನ್ನು ನೋಡು ಅದೃಷ್ಟ ಬರುತ್ತದೆ ಅಂತ ಬರೆದಿರುತ್ತಾರೆ. ಒಬ್ಬ ಬಟ್ಟೆ ಅಂಗಡಿಯವನು ಪಟ ಯಾಕೆ, ಖರೇ ಕತ್ತೆಯೇ ಇದೆಯಲ್ಲ ಅಂತ ಕಾಕಾನ ಹತ್ತಿರ ಬಂದ. ಅಂಗಡಿ ಪ್ರಾರಂಭದ ದಿನ ಸಾಹೇಬರನ್ನು ಬಾಗಿಲಲ್ಲಿ ನಿಲ್ಲಿಸಿದರೆ ಹೊಸ ಧೋತರ ಕೊಡುತ್ತೇನೆ ಅಂದ. ಕಾಕಾ ಅವನನ್ನು ಮೇಲಿಂದ ಕೆಳಗೆ ನೋಡಿ ಅಂದದ್ದು ಇಷ್ಟೇ. "ನೌಕರಿ ಮ್ಯಾಲ ಇದ್ದವರನ್ನ ಹಂಗೆಲ್ಲಾ ಕರೀಬಾರದು ತಮ್ಮಾ."

ಇದೆಲ್ಲ ನಕ್ಕು ಬಿಡಬಹುದಾದ ಹುಚ್ಚು. ಆದರೆ ಕಾಕಾನದು ಇನ್ನೊಂದು ಹುಚ್ಚಿತ್ತು, ಅದಕ್ಕೆ ಮಾತ್ರ ಯಾರೂ ನಗುತ್ತಿರಲಿಲ್ಲ. ಮನೆಯವರು ಯಾರೇ ಸಾರ್ಟಿಯ ಮೇಲಿದ್ದರೂ ಕಾಕಾ ಚಹಾ ಮುಟ್ಟುವುದಿಲ್ಲ. ನಮ್ಮ ಕಡೆ ಕೊಟ್ಟ ಚಹಾ ಬೇಡ ಅನ್ನುವುದೆಂದರೆ ಏನು ಗೊತ್ತಲ್ಲ? ಜನ್ಮದ ತಕರಾರು. ನನ್ನ ಅತ್ತೆ ಮೊದಲ ಸಲ ಬೀಗರ ಮನೆಗೆ ಅಂತ ಬಂದು, ತನ್ನ ಕೈಯಾರೆ ಏಲಕ್ಕಿ ಹಾಕಿ ಚಹಾ ಮಾಡಿ ಕೊಟ್ಟರೆ, ಕಾಕಾ ಕಪ್ಪು ಪಕ್ಕಕ್ಕೆ ಸರಿಸಿ, "ನಿಮ್ಮ ಹುಡುಗ ಸೊಲ್ಲಾಪುರಕ್ಕ ಹೋಗ್ಯಾನ್ರಿ, ಬರ್ಲಿ," ಅಂದ. ನಮ್ಮತ್ತೆ ಅದನ್ನು ಇನ್ನೂ ಮರೆತಿಲ್ಲ. ಪಿತ್ತ ಅಂತ ಕೆಲವರು ಅಂದರು, ಹರಕೆ ಅಂತ ಕೆಲವರು. ಕೇಳಿದರೆ ಕಾಕಾ, "ನಮ್ಮ ರಿವಾಜು," ಅಂದು ಕತ್ತೆಯ ಮೈ ತಿಕ್ಕಲು ಎದ್ದು ಹೋಗುತ್ತಿದ್ದ.

ಇಂಥವನ ಹೆಂಡತಿ ನಮ್ಮ ಚಿಗವ್ವ. ಮಕ್ಕಳಿಲ್ಲ, ನನ್ನನ್ನೇ ಮಗಳೆಂದುಕೊಂಡವಳು. ಊರ ಮಂದಿಯೆಲ್ಲ ಮುರಿದು ಕತ್ತೆಗೆ ಹಾಕುವ ರೊಟ್ಟಿಯಲ್ಲಿ ಮುಕ್ಕಾಲು ಪಾಲು ಇವಳು ಬಡಿದದ್ದು. ಆದರೆ ಒಂದು ಸಲವೂ ಸಾಹೇಬರ ಮುಂದೆ ರೊಟ್ಟಿ ಮುರಿದವಳಲ್ಲ, ಯಾಕೆಂದರೆ ಎಲ್ಲಿಗೂ ಹೋದವಳಲ್ಲ. ಓಣಿಯ ಹೆಂಗಸರೆಲ್ಲ ಗಾಡಿ ಮಾಡಿಕೊಂಡು ತಿರುಪತಿಗೆ ಹೋದರು, ಪಂಢರಪುರಕ್ಕೆ ಹೋದರು. "ನನಗ ಬಸ್ಸಿನ ವಾಸನಿ ಆಗಂಗಿಲ್ಲವ್ವಾ," ಅಂತ ಇವಳು ಮನೆಯಲ್ಲೇ ಉಳಿದಳು. ಅದೇ ಬಸ್ಸಿನಲ್ಲಿ ಸುರಪುರದ ಸಂತೆಗೆ ಹೋಗುವಾಗ ವಾಸನೆ ಎಲ್ಲಿ ಹೋಗುತ್ತಿತ್ತೋ ಏನೋ. ಹೊಸ್ತಿಲು ದಾಟದ ಚಿಗವ್ವ ಅಂತ ನಾವೆಲ್ಲ ಚೇಷ್ಟೆ ಮಾಡುತ್ತಿದ್ದೆವು, ಅವಳೂ ನಗುತ್ತಿದ್ದಳು.

ಹೋದ ವರ್ಷ ಆ ಚಿಗವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ಒಲೆಯ ಮುಂದೆಯೇ ಕುಸಿದಳು. ಯಾದಗಿರಿಯಲ್ಲಿ ತೋರಿಸಿದೆವು, ಹೃದಯದ ವಾಲ್ವ್ ಕೆಟ್ಟಿದೆ, ಕಲಬುರಗಿಗೆ ಒಯ್ದು ಆಪರೇಷನ್ ಮಾಡಿಸಿ ಅಂದರು. ಈ ವಯಸ್ಸಿಗೆ ಜೀವದ ಖಾತ್ರಿ ಕೊಡಲಾಗುವುದಿಲ್ಲ, ಮಾಡಿಸದಿದ್ದರಂತೂ ಉಳಿಯುವುದಿಲ್ಲ ಅಂತಲೂ ಅಂದರು. ನಾನು ಶಾಲೆಗೆ ರಜೆ ಹಾಕಿದೆ. ಚಿಗವ್ವನ ಎರಡು ಸೀರೆ, ಕಾಕಾನ ಎರಡು ಅಂಗಿ ಒಂದೇ ಚೀಲಕ್ಕೆ ತುಂಬಿದೆ. ಕಾಕಾ ಬಂದು ತನ್ನ ಅಂಗಿಗಳನ್ನು ಮೆಲ್ಲಗೆ ತೆಗೆದು ಮತ್ತೆ ಗೂಟಕ್ಕೆ ಹಾಕಿದ.

"ನಾ ಬರಂಗಿಲ್ಲವ್ವಾ. ನಾ ಇಲ್ಲಿರಬೇಕು."

ನನಗೆ ಮೈಯೆಲ್ಲ ಉರಿದು ಹೋಯಿತು. "ಕತ್ತಿ ಸಲುವಾಗೇನು?" ಅಂದೆ. ಅವನು ಗೂಟದ ಅಂಗಿಯ ಸುಕ್ಕು ತೀಡಿದ. ನಾನು ಸುಮ್ಮನಿರಲಿಲ್ಲ. ಹೆಂಡತಿಗಿಂತ ಕತ್ತೆ ಹೆಚ್ಚಾಯಿತೇ ಅಂದೆ, ಅಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ಮುಖ ನೋಡಲೂ ಸಿಗುವುದಿಲ್ಲ ಅಂದೆ, ಇನ್ನೂ ಏನೇನೋ ಅಂದೆ. ನಮ್ಮಪ್ಪ ತಮ್ಮನ ಹೆಗಲ ಮೇಲೆ ಕೈ ಹಾಕಿ ಒಂದು ದಾರಿ ತೋರಿಸಿದ. "ತಮ್ಮಾ, ನೀ ಹೋಗು. ಹಗ್ಗ ನನ್ನ ಕೈಯಾಗ ಕೊಡು. ನೀವು ಬರೋ ತನಕ ನಾ ನಿಲ್ತೀನಿ."

"ಚಾ ಬಿಡ್ತೀಯೇನು ಅಣ್ಣಾ?" ಅಂದ ಕಾಕಾ.

ನಮ್ಮಪ್ಪ ತಮ್ಮನ ಹೆಗಲ ಮೇಲಿನ ಕೈ ತೆಗೆದ. ಹಾಸಿಗೆಯಲ್ಲೇ ಚಹಾ ಬಾರದಿದ್ದರೆ ಕಣ್ಣು ಬಿಡದ ಮನುಷ್ಯ ಅವನು. ಇಷ್ಟು ಗಲಾಟೆಯ ನಡುವೆ ಒಳಗಿನ ಕೋಣೆಯಿಂದ ಚಿಗವ್ವನ ದನಿ ಬಂತು. "ಯಾಕ ಒದರ್ತಿ? ಅವರು ಇಲ್ಲೇ ಇರ್ಲಿ. ನಾನ ಹೇಳೇನಿ."

ಹೊರಡುವ ದಿನ ಬೇವಿನ ಗಿಡದ ಕೆಳಗೆ ಓಣಿಗೆ ಓಣಿಯೇ ನೆರೆದಿತ್ತು. ಚಿಗವ್ವ ಕಾರು ಹತ್ತುವ ಮೊದಲು ಸಾಹೇಬರ ಮುಂದೆ ನಿಂತಳು. ತಾನೇ ಬಡಿದ ರೊಟ್ಟಿ, ಅವಳ ಕೈಯಲ್ಲಿ ಅದನ್ನು ಮುರಿಯುವಷ್ಟೂ ಕಸುವಿರಲಿಲ್ಲ. ಕಾಕಾ ಸಹಾಯಕ್ಕೆ ಕೈ ಚಾಚಲಿಲ್ಲ, ಕಾಯುತ್ತ ನಿಂತ. ಎದೆಗೆ ಒತ್ತಿಕೊಂಡು ಮುರಿದಳು, ಅಂಚು ಹಲ್ಲು ಹಲ್ಲಾಗಿ ಬಂತು. ಅರ್ಧವನ್ನು ಕತ್ತೆಯ ಬಾಯಿಗೆ ಕೊಟ್ಟು, "ಬರ್ತೀನ್ರಿ ಸಾಹೇಬ್ರ," ಅಂದಳು. ಇನ್ನರ್ಧವನ್ನು ಕಾಕಾನ ಕೈಗಿಟ್ಟಳು. ನಾನು ಕಾಕಾನ ಕಡೆ ನೋಡದೆ ಕಾರಿನ ಬಾಗಿಲು ಧಡಾರೆಂದು ಹಾಕಿಕೊಂಡೆ.

ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಇವರ ಯಜಮಾನರು ಎಲ್ಲಿ ಅಂತ. ಡ್ಯೂಟಿಯಲ್ಲಿದ್ದಾರೆ ಅಂದೆ. ಎಲ್ಲಿ ಡ್ಯೂಟಿ ಅಂದರು. ಏರ್ ಫೋರ್ಸ್ ಅಂದೆ. ಡಾಕ್ಟರು ಚಿಗವ್ವನ ಬಿಳಿ ಕೂದಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮುಂದೆ ಕೇಳಲಿಲ್ಲ. ಸಿಟ್ಟಿನಲ್ಲೂ ನನ್ನ ಬಾಯಿಂದ ಅವನ ಪರವಾಗಿ ಸುಳ್ಳು ಬಂದದ್ದು ನನಗೇ ಆಶ್ಚರ್ಯವಾಯಿತು.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಚಿಗವ್ವನ ತಲೆ ಬಾಚುತ್ತಿದ್ದೆ. ಬಾಚಣಿಗೆ ಎಳೆಯುವುದರಲ್ಲೇ ನನ್ನ ಸಿಟ್ಟು ಗೊತ್ತಾಗಿರಬೇಕು.

"ನಿಮ್ಮ ಕಾಕಾನ ಮ್ಯಾಲಿನ ಸಿಟ್ಟು ನನ್ನ ಕೂದಲಿನ ಮ್ಯಾಲ ಯಾಕ ತಗೀತಿ?" ಅಂದಳು. ಆಮೇಲೆ ಹೇಳಿದಳು. "ಯುದ್ಧದಾಗ ಒಬ್ಬ ಪೈಲಟ್ ಇದ್ನಂತ, ಎಲ್ಲಾರಕಿಂತ ಸಣ್ಣಾಂವ. ರೊಟ್ಟಿ ಮುರಿಯೋ ರಿವಾಜು ಚಾಲೂ ಮಾಡಿದಾಂವ ಅವನ. ಒಂದಿನ ಎಲ್ಲಾ ವಿಮಾನ ತಿರುಗಿ ಬಂದ್ವು, ಅವನದೊಂದು ಬರಲಿಲ್ಲ. ಇವರು ಕತ್ತಿ ಹಿಡಕೊಂಡು ನಿಂತ ಇದ್ರು. ಥಂಡಿ ಭಾಳ. ಯಾರೋ ದೊಡ್ಡವರು ಬಂದು, ಎಷ್ಟೊತ್ತ ನಿಲ್ತಿ, ಹೋಗಿ ಒಂದ್ ಕಪ್ ಚಾ ಕುಡದ ಬಾ ಅಂದ್ರಂತ. ಇವರು ಹ್ವಾದ್ರು. ಚಾ ಕುಡದು ಬರೋದ್ರಾಗ, ಆ ಹುಡುಗ ಇನ್ನ ಬರಂಗಿಲ್ಲ ಅಂತ ಸುದ್ದಿ ಬಂದಿತ್ತು."

"ಚಾಕ್ಕೂ ಅದಕ್ಕೂ ಏನ್ ಸಂಬಂಧ ಚಿಗವ್ವಾ?"

"ಏನೂ ಇಲ್ಲ. ಇಲ್ಲ ಅಂತ ಅವರಿಗೂ ಗೊತ್ತದ. ಗೊತ್ತಿದ್ರ ಆತೇನು?"

ಆ ಅರ್ಧ ರೊಟ್ಟಿ ಏನಾಯಿತು ಅಂತ ಕೇಳಿದೆ.

"ಕತ್ತಿ ಮುಂದ ಹಿಡದ್ರ ಅದು ಮೂಸಿ ನೋಡಿ ಮಾರಿ ತಿರುವಿತಂತ. ಒಗಿಯಾಕ ಇವರಿಗೆ ಮನಸ ಬರಲಿಲ್ಲ. ರಜಾಕ್ಕ ಬಂದಾಗ ಊರಿಗೆ ತಂದು, ಕೃಷ್ಣಾ ಹೊಳಿಯಾಗ ಬಿಟ್ಟು ಬಂದ್ರು. ನಮ್ಮ ಲಗ್ನ ಆದ ಹೊಸದಾಗ ಒಂದ್ಸಲ ಹೇಳಿದ್ರು. ಮತ್ತ ಆ ಮಾತು ತಗದಿಲ್ಲ, ನಾನೂ ಕೇಳಿಲ್ಲ." ಕಿಟಕಿಯ ಕಡೆ ನೋಡುತ್ತ ಅವಳು ನಕ್ಕಳು. "ನನಗ ಬಸ್ಸಿನ ವಾಸನಿ ಆಗಂಗಿಲ್ಲ ಅಂತ ನೀವೆಲ್ಲಾ ನಗ್ತಿದ್ರಿ ನೋಡು. ನಾ ದೂರ ಹೋದ್ರ ಅವರು ನಿಲ್ಲಬೇಕಾಗ್ತದ. ಅದಕ್ಕ ನಾ ಎಲ್ಲಿಗೂ ಹೋಗಲಿಲ್ಲ."

ಇದಕ್ಕೆ ಏನನ್ನಲಿ? ತಿರುಪತಿ ಬಿಟ್ಟಳು, ಪಂಢರಪುರ ಬಿಟ್ಟಳು, ತವರಿನ ಎಷ್ಟೋ ಮದುವೆಗಳನ್ನು ಬಿಟ್ಟಳು. ನಾವು ಹೊಸ್ತಿಲು ದಾಟದವಳು ಅಂತ ನಕ್ಕೆವು. ನಾನು ದಿನವೂ ಮಕ್ಕಳಿಗೆ ದೊಡ್ಡವರ ಬಗ್ಗೆ ಪಾಠ ಮಾಡುತ್ತೇನೆ, ಇಷ್ಟು ದೊಡ್ಡ ಹೆಂಗಸು ನಮ್ಮ ಅಡುಗೆಮನೆಯಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಳು ಬಂತು. ಅವಳು ಬೈದಳು, ಜಡೆ ಸರಿಯಾಗಿ ಹಾಕು ಅಂದಳು.

ಮರುದಿನ ಅವಳನ್ನು ಒಳಗೆ ಒಯ್ದರು. ಬಾಗಿಲು ಮುಚ್ಚಿತು. ಕಾಯುವುದು ಅಂದರೇನು ಅಂತ ನನಗೆ ಅವತ್ತು ತಿಳಿಯಿತು. ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಪಕ್ಕದವರು ಯಾರೋ ಪಾಪ, ಬಹಳ ಹೊತ್ತಿನಿಂದ ಕಾಯುತ್ತಿದ್ದೀರಿ ಅಂತ ಕ್ಯಾಂಟೀನಿನಿಂದ ಒಂದು ಕಪ್ಪು ಚಹಾ ತಂದುಕೊಟ್ಟರು. ಕಪ್ಪು ಕೈಯಲ್ಲಿ ಹಿಡಿದೆ. ಬಿಸಿ ಬಿಸಿ ಇತ್ತು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ, ನೆನಪಿರಲಿ. ಕಪ್ಪನ್ನು ಹಾಗೇ ಬೆಂಚಿನ ಕೆಳಗಿಟ್ಟೆ.

ಊರಿಗೆ ಫೋನು ಮಾಡಿದಾಗೆಲ್ಲ ಅಪ್ಪನೇ ಎತ್ತುತ್ತಿದ್ದ. ಕಾಕಾ ಏನು ಮಾಡುತ್ತಿದ್ದಾನೆ ಅಂದರೆ ಒಂದೇ ಉತ್ತರ, "ನಿಂತಾನ." ಮಲಗಲು ಗಿಡದ ಕೆಳಗೇ ಹೊರಸು ಹಾಕಿಕೊಂಡಿದ್ದನಂತೆ, ಊಟ ಅಲ್ಲಿಗೇ ಹೋಗುತ್ತಿತ್ತಂತೆ. ಬಸ್ಸಿನವರು ವೇಗ ಕಡಿಮೆ ಮಾಡಿ, "ಏನಾತ್ರಿ ಮಾಮಾ?" ಅಂತ ಕೇಳಿಕೊಂಡು ಹೋಗುತ್ತಿದ್ದರಂತೆ. ಆಪರೇಷನ್ ಆಯಿತು, ಚಿಗವ್ವ ಕಣ್ಣು ಬಿಟ್ಟಳು ಅಂತ ನಾನು ಕೂಗಿ ಹೇಳಿದಾಗ ಅಪ್ಪ ಓಡಿಹೋಗಿ ತಿಳಿಸಿದ. ಇನ್ನಾದರೂ ಬಂದು ಮುಖ ನೋಡಿ ಹೋಗು ಅಂತ ಹೇಳಿ ಕಳಿಸಿದೆ. "ವಿಮಾನ ಇನ್ನಾ ಮ್ಯಾಲ ಅದ, ನೆಲಕ್ಕ ಇಳೀಲಿ ಅಂತಾನ," ಅಂದ ಅಪ್ಪ. ಈ ಸಲ ನನಗೆ ಸಿಟ್ಟು ಬರಲಿಲ್ಲ.

ಚಿಗವ್ವನನ್ನು ಕರೆದುಕೊಂಡು ಬಂದ ದಿನ ಶಹಾಪುರ ದಾಟಿದ ಮೇಲೆ ನಾನು ಸೀಟಿನ ತುದಿಗೆ ಬಂದು ಕೂತಿದ್ದೆ. ದೂರದಿಂದಲೇ ಗಿಡ ಕಂಡಿತು. ಗಿಡದ ಕೆಳಗೆ ಕೆಂಪು ರುಮಾಲಿನ ಸಾಹೇಬರು, ಪಕ್ಕದಲ್ಲಿ ಇಸ್ತ್ರಿ ಅಂಗಿಯ ಕಾಕಾ. ಗಡ್ಡ ನುಣ್ಣಗೆ ಬೋಳಿಸಿಕೊಂಡಿದ್ದ, ಆದರೆ ಅಷ್ಟು ದಿನಗಳಲ್ಲಿ ಮನುಷ್ಯ ಅರ್ಧಕ್ಕೆ ಅರ್ಧ ಇಳಿದು ಹೋಗಿದ್ದ. ಕಾರು ನಿಲ್ಲುತ್ತಲೇ ಅವನು ಬಾಗಿ ಗಾಲಿಗೆ ಒಂದು ಕಲ್ಲು ಅಡ್ಡ ಇಟ್ಟ. ನಾನು ಬಾಗಿಲು ತೆರೆದು ಚಿಗವ್ವನ ತೋಳು ಹಿಡಿದು ಇಳಿಸಿದೆ. ಕಾಕಾ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತು, ತನ್ನ ಹೆಂಡತಿಗೆ ಸೆಲ್ಯೂಟ್ ಹೊಡೆದ.

ಯಾರೂ ನಗಲಿಲ್ಲ. ಕೈ ಹಾಗೇ ಹಣೆಯಲ್ಲಿತ್ತು, ಇಳಿಸಲು ಮರೆತವನಂತೆ ನಿಂತಿದ್ದ.

"ಕೈ ಇಳಸ್ರಿ, ಮಂದಿ ನೋಡಾಕತ್ತಾರ," ಅಂದಳು ಚಿಗವ್ವ. "ನಂದೆಲ್ಲಿ? ಕೊಡ್ರಿ."

ಕಾಕಾ ಅಂಗಿಯ ಕಿಸೆಯಿಂದ ಬಿಳಿ ಅರಿವೆಯ ಗಂಟು ತೆಗೆದು ಬಿಚ್ಚಿದ. ಹಲ್ಲು ಹಲ್ಲಿನ ಅಂಚಿನ ಆ ಅರ್ಧ ರೊಟ್ಟಿ, ಒಂದು ಚೂರೂ ಮುಕ್ಕಾಗಿರಲಿಲ್ಲ. ಚಿಗವ್ವ ಅದನ್ನು ತೆಗೆದುಕೊಂಡು ಸಾಹೇಬರ ಮುಂದೆ ಹಿಡಿದಳು. ಸಾಹೇಬರು ಮೂಸಿದರು. ಆಮೇಲೆ ಕಟಕಟ ಅಗಿಯುವ ಸದ್ದು, ಅಷ್ಟು ಚಂದದ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಚಿಗವ್ವ ಮೊದಲು ಮನೆಯ ಕಡೆ ನೋಡಲಿಲ್ಲ, ನೆರೆದವರ ಕಡೆಯೂ ನೋಡಲಿಲ್ಲ. "ಮೊದ್ಲ ಅವರಿಗೆ ಚಾ ಕೊಡ್ರಿ," ಅಂದಳು.

ಬಸ್‌ಸ್ಟ್ಯಾಂಡಿನ ಹೋಟೆಲಿನವನು ಕೆಟಲಿ ಹಿಡಿದುಕೊಂಡು ಅಲ್ಲೇ ಕಾಯುತ್ತಿದ್ದ. ಒಂದರ ಬದಲು ಎರಡು ಕಪ್ಪು ತುಂಬಿಸಿದ. ಎರಡನೆಯದು ಯಾರಿಗೆ ಅಂದರೆ ನಮ್ಮಪ್ಪನ ಕಡೆ ಬೆರಳು ಮಾಡಿ, "ಇವರೂ ಕುಡದಿಲ್ರಿ ಅಕ್ಕಾರ, ನೀವು ಹೋದಾಗಿಂದ," ಅಂದ. ಅಪ್ಪ ಏನೋ ಕಳ್ಳತನ ಮಾಡಿ ಸಿಕ್ಕಿಬಿದ್ದವನಂತೆ ನೆಲ ನೋಡುತ್ತಿದ್ದ.

ಕಾಕಾ ಕಪ್ಪು ಕೈಗೆ ತೆಗೆದುಕೊಂಡ. ಬಾಯಿಯ ತನಕ ತಂದವನು ಅಲ್ಲೇ ನಿಲ್ಲಿಸಿದ. ತಲೆಯೆತ್ತಿ, ಬೇವಿನ ಕೊಂಬೆಗಳ ಆಚೆಗಿನ ಬರಿ ಆಕಾಶವನ್ನು ಒಂದು ಸಲ, ಈ ತುದಿಯಿಂದ ಆ ತುದಿಗೆ ನೋಡಿದ. ಇನ್ನೊಬ್ಬರು ಬರುವುದು ಬಾಕಿ ಇದೆ ಅನ್ನುವ ಹಾಗೆ. ಅಷ್ಟೂ ವರ್ಷ ಚಹಾ ಕುಡಿಯುವಾಗೆಲ್ಲ ಅವನು ಹಾಗೇ ನೋಡುತ್ತಿದ್ದ, ನಾವೇ ಗಮನಿಸಿರಲಿಲ್ಲ.

ಚಿಗವ್ವ ಗಮನಿಸಿದ್ದಳು. ಅವನ ಮೊಣಕೈ ಮೆಲ್ಲಗೆ ಮುಟ್ಟಿ, "ಕುಡೀರಿ, ಆರ್ತದ," ಅಂದಳು. ಕಾಕಾ ಕುಡಿದ.